ಇಳಿದ ಅಂಕಿ

ಅಕ್ಕನ ಮಗ ಸತ್ತು ವಾರವಾಗಿತ್ತು. ಅಕ್ಕನಿಗೆ ಮಾತ್ರ ಗೊತ್ತಿರಲಿಲ್ಲ. ಕಾಲಿನ ಗಾಯದ ನಂಜು ಮೈಗೆಲ್ಲ ಏರಿ ಅವಳು ಐಸಿಯುನಲ್ಲಿ ಮಲಗಿದ್ದಳು. ಅವಳಿಗೆ ಬಟ್ಟೆ ತರುತ್ತಿದ್ದ ಮಗ ದಾರಿಯಲ್ಲಿ ಲಾರಿಗೆ ಸಿಕ್ಕಿದ್ದ. ಸುದ್ದಿ ಕೇಳಿದರೆ ಈ ಜೀವ ತಡೆಯುವುದಿಲ್ಲ, ಮೊದಲು ಚೇತರಿಸಿಕೊಳ್ಳಲಿ ಎಂದು ಮನೆಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಬೀಗ ಕಾಯುವ ಕೆಲಸ ಮಾತ್ರ ಬಿದ್ದದ್ದು ಟೈಲರ್ ಆಗಿದ್ದ ತಂಗಿಯ ಕೊರಳಿಗೆ.

"ಎಲ್ಲೇ ಅವನು?"

"ಕೆಲಸದ ಮೇಲೆ ಹೊರಗಡೆ ಹೋಗಿದಾನೆ ಕಣೇ ಅಕ್ಕ."

"ಅವನು, ಕೆಲಸ! ಯಾರ ಕಿವಿ ಮೇಲೆ ಹೂ ಇಡ್ತೀಯ?" ಅಕ್ಕ ನಕ್ಕಳು. ತಂಗಿಯೂ ನಕ್ಕಳು. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ನಗುವುದನ್ನು ಅವಳು ಆ ವಾರದಲ್ಲಿ ಕಲಿತಿದ್ದಳು.

ಉಳಿದಂತೆ ಅವಳ ಕಣ್ಣೆಲ್ಲ ಹಾಸಿಗೆಯ ಪಕ್ಕದ ಯಂತ್ರದ ಪರದೆಯ ಮೇಲೆ. ಬೆರಳಿಗೆ ಕಚ್ಚಿಸಿದ ಕ್ಲಿಪ್ಪು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ಹೇಳುತ್ತದೆ, ತೊಂಬತ್ತರ ಮೇಲಿದ್ದರೆ ಭಯವಿಲ್ಲ ಎಂದು ನರ್ಸ್ ತಿಳಿಸಿದ್ದಳು. ತಂಗಿ ಟೇಪು ಹಿಡಿದೇ ಬದುಕಿದವಳು. ಅಳತೆಯನ್ನು ನಂಬದೆ ಇನ್ನೇನನ್ನು ನಂಬುತ್ತಾಳೆ, ಪಾಪ!

ಆ ಮಧ್ಯಾಹ್ನ ಬಿಪಿ ಕುಸಿಯಿತೆಂದು ನರ್ಸ್ ನೀಲಿ ಔಷಧವೊಂದನ್ನು ನಿಧಾನವಾಗಿ ನರಕ್ಕೆ ಕೊಟ್ಟಳು. "ಮೂತ್ರ ನೀಲಿ ಆಗುತ್ತೆ, ಗಾಬರಿ ಬೀಳ್ಬೇಡಿ" ಎಂದವಳು ಪಕ್ಕದ ಹಾಸಿಗೆಯ ಕರೆಗೆ ಓಡಿದಳು. ಹೇಳಬೇಕಾದ ಇನ್ನೊಂದು ಮಾತು ಅವಳ ಬಾಯಲ್ಲೇ ಉಳಿಯಿತು.

ಪರದೆಯಲ್ಲಿ ಆಕ್ಸಿಜನ್ ತೊಂಬತ್ತಾರಿದ್ದದ್ದು ಎಂಬತ್ತಾಯಿತು. ಎಪ್ಪತ್ತಾಯಿತು. ಅರವತ್ತೆರಡು! ಯಂತ್ರ ಕಿರುಚತೊಡಗಿತು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಮಗನ ದಾರಿ ನೋಡುತ್ತಲೇ ಇವಳು ಹೋಗಿಬಿಡುತ್ತಾಳಲ್ಲ ಎಂದು ತಂಗಿ ಅಳತೊಡಗಿದಳು. ಅವಳು ಅಕ್ಕನ ಕಿವಿಯ ಹತ್ತಿರ ಬಾಗಿದಳು.

"ಅಕ್ಕಾ, ಅವನು ಮುಂದೆ ಹೋಗಿದಾನೆ ಕಣೇ. ಹೋದ ವಾರಾನೇ ಹೋದ. ನಿನಗೋಸ್ಕರ ಕಾಯ್ತಿರ್ತಾನೆ. ಹೆದರ್ಬೇಡ, ನೆಮ್ಮದಿಯಾಗಿ ಹೋಗು."

ಅಷ್ಟರಲ್ಲಿ ನರ್ಸ್ ಓಡಿಬಂದು ಅಕ್ಕನ ತುಟಿ, ಉಸಿರು, ನಾಡಿ ನೋಡಿದಳು.

"ಅಯ್ಯೋ, ಅಳ್ಬೇಡಿ! ರಕ್ತಕ್ಕೆ ಆ ನೀಲಿ ಸೇರಿದ್ರೆ ಕ್ಲಿಪ್ಪಿನ ಬೆಳಕಿಗೆ ಮೋಸ ಆಗುತ್ತೆ, ಸ್ವಲ್ಪ ಹೊತ್ತು ಸುಳ್ಳು ಅಂಕಿ ತೋರ್ಸುತ್ತೆ. ಉಸಿರಾಟ ಚೆನ್ನಾಗೇ ಇದೆ. ಮೊದ್ಲೇ ಹೇಳ್ಬೇಕಿತ್ತು, ನಂದೇ ತಪ್ಪು."

ಅವಳು ಹೇಳಿದಂತೆಯೇ ಅಂಕಿ ಮೆಲ್ಲಗೆ ಮೇಲೇರಿತು. ಸಂಜೆಯ ಹೊತ್ತಿಗೆ ಬಿಪಿಯೂ ಏರಿತು. "ನಿಮ್ಮಕ್ಕ ಗಟ್ಟಿ ಬಿಡಿ, ಗೆದ್ರು" ಎಂದು ನರ್ಸ್ ನಕ್ಕು ಹೋದಳು.

ತಂಗಿ ತಲೆಯೆತ್ತಲಿಲ್ಲ. ಅಕ್ಕ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು, ದಿಂಬು ಒದ್ದೆಯಾಗಿತ್ತು.

"ಹೋಗು ಅಂದ್ಯಲ್ಲೇ," ಎಂದಳು ಅಕ್ಕ. "ಈಗ ಎಲ್ಲಿಗೆ ಹೋಗ್ಲಿ?"