ಹೆಬ್ಬಾತಿನ ರೆಕ್ಕೆ

"ಮುಟ್ಬೇಡ! ತೆಗಿ ಆ ಕೈನ!" ನಿಕಾನೋರ್ ಸ್ಪ್ಯಾನರನ್ನು ಕಿತ್ತುಕೊಂಡು ಅಂಗಳದಾಚೆ ಎಸೆದ. "ಒಂದು ಸಲ ಮುಟ್ಟಿ ನನ್ನ ಹೆಂಡ್ತೀನ ಕೊಂದಿದ್ದು ಸಾಲ್ದಾ ನಿಂಗೆ?"

ಟ್ರ್ಯಾಕ್ಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ ಮೆಕ್ಯಾನಿಕ್ ಎಲೀಹಿಯೋ ಎದ್ದು ನಿಂತ. ಕೋಪದಲ್ಲಿ ಅವನೇನೂ ಕಮ್ಮಿಯವನಲ್ಲ.

"ಬಾಯಿಗೆ ಬಂದಂಗೆ ಮಾತಾಡ್ಬೇಡ ಕಂಪಾದ್ರೆ. ನಿನ್ನ ಮಗಳ ದೀಕ್ಷಾಸ್ನಾನದ ದಿನ ಧರ್ಮಪಿತನಾಗಿ ಅವಳನ್ನ ಎತ್ಕೊಂಡು ನಿಂತು ನಿಂಗೆ ಕಂಪಾದ್ರೆ ಆಗಿದ್ದು ಇದೇ ಕೈ."

"ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ದೂ ಅದೇ ಕೈ ತಾನೆ?"

"ಈ ಕಣಿವೇಲಿ ಕೀಳದೆ ಇರೋ ಮೆಕ್ಯಾನಿಕ್ ಒಬ್ಬನ್ನ ತೋರ್ಸು! ಇಂಜಿನ್ ಕುದೀತಿದೆ ಅಂತ ನೀನು ಬಂದೆ, ನಾನು ಕಿತ್ತೆ. ನಿನ್ನೆ ಸಂಜೆ ಹೊಸದು ತಂದು ಹಾಕಿದ್ದೀನಲ್ಲ, ಇನ್ನೇನು?"

"ಅವಳು ಸತ್ತಿದ್ದು ನಿನ್ನೆ ಬೆಳಗ್ಗೆ ಕಣೋ!"

ಥರ್ಮೋಸ್ಟಾಟ್ ಎಂದರೆ ಇಂಜಿನ್ ಕಾದ ಮೇಲಷ್ಟೇ ನೀರಿಗೆ ದಾರಿ ಬಿಡುವ ಪುಟ್ಟ ಬಾಗಿಲು. ಅದನ್ನು ಕಿತ್ತರೆ ನೀರು ತಡೆಯಿಲ್ಲದೆ ಓಡಿ ಇಂಜಿನ್ ತಣ್ಣಗಿರುತ್ತದೆಂದು ಕೋನ್‌ಸ್ತಾನ್ಸಾ ಕಣಿವೆಯಲ್ಲಿ ಎಲ್ಲರೂ ನಂಬಿದ್ದರು. ಎಲೀಹಿಯೋನ ಅಪ್ಪನೂ ಕಿತ್ತೇ ಬದುಕಿದ್ದ. ಆದರೂ ನಿನ್ನೆ ರಾತ್ರಿ ಎಲೀಹಿಯೋಗೆ ನಿದ್ದೆ ಬಂದಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಕಿವಿಯೊಳಗೆ ನೀರು ಕುದಿಯುವ ಸದ್ದು. ನಿಕಾನೋರನ ಹೆಂಡತಿ ಒವೀದಿಯಾಳನ್ನು ಕೊಂದದ್ದು ತಾನೇ ಇರಬಹುದೆ?

ನಿಕಾನೋರನ ಮಗಳು ಮಿಲ್ಕೇಯಾ ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. "ಒಳಗೆ ಅಮ್ಮ ಮಲಗಿದಾಳೆ. ಕಿರುಚಾಡೋರು ಹಳ್ಳದ ಕಡೆ ಹೋಗಿ ಕಿರುಚಾಡಿ."

"ಸ್ಮಶಾನಕ್ಕೆ ನನ್ನ ಜೀಪಲ್ಲೇ ತಗೊಂಡು ಹೋದ್ರಾಯ್ತಪ್ಪ," ಎಂದ ಪಕ್ಕದ ಮನೆಯ ತಾತೀಕೋ.

"ಹೂಂ, ನಿನ್ನ ಜೀಪಲ್ಲಿ ಹೋದ್ರೆ ಪೂರ್ತಿ ಹೋಗೋದೇ ಇಲ್ಲ ಅವಳು," ಎಂದಳು ಒಬ್ಬ ಮುದುಕಿ.

ಯಾರೂ ನಗಲಿಲ್ಲ. ಆ ಗುಡ್ಡದಲ್ಲಿ ಹೆಣ ಹೋಗಬೇಕಾದದ್ದು ಸ್ವಂತ ಮನೆಯ ಗಾಲಿಯ ಮೇಲೆ. ಎರವಲು ಗಾಲಿಯಲ್ಲಿ ಹೋದವರು ಮನೆಯ ಸುತ್ತಲೇ ಅಲೆಯುತ್ತಾರೆ. ಒಮ್ಮೆ ಹೊರಟ ಪೆಟ್ಟಿಗೆಯನ್ನು ಸ್ಮಶಾನ ಮುಟ್ಟುವವರೆಗೆ ನೆಲಕ್ಕೆ ಇಳಿಸುವಂತೆಯೂ ಇಲ್ಲ.

*

ನಿಕಾನೋರ್ ತಾನೇ ಓಡಿಸಿದ. ಕತ್ತೆಗಿಂತ ತುಸು ದೊಡ್ಡದಾದ ನೀಲಿ ಟ್ರ್ಯಾಕ್ಟರು, ಹಿಂದೆ ಟ್ರೇಲರಿನ ಮೇಲೆ ಪೆಟ್ಟಿಗೆ, ಅದರ ಹಿಂದೆ ಜನ. ಎಲೀಹಿಯೋ ಯಾರ ಅಪ್ಪಣೆಯನ್ನೂ ಕೇಳದೆ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತು ಇಂಜಿನ್ನಿನ ಶಾಖ ತೋರಿಸುವ ಮುಳ್ಳನ್ನೇ ನೋಡುತ್ತಿದ್ದ. ಇಳಿ ಎಂದು ನಿಕಾನೋರ್ ಹೇಳಲಿಲ್ಲ, ಅವನ ಕಡೆ ತಿರುಗಲೂ ಇಲ್ಲ.

ಪೈನ್ ಮರಗಳ ತಿರುವಿಗೆ ಬರುವ ಹೊತ್ತಿಗೆ ಮುಳ್ಳು ಕೆಂಪಿಗೆ ಏರಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ನಿನ್ನೆ ಆಸ್ಪತ್ರೆಗೆ ಹೊರಟಾಗ ಟ್ರ್ಯಾಕ್ಟರು ಕುದಿದು ನಿಂತದ್ದೂ ಇಲ್ಲೇ. ಒವೀದಿಯಾಳ ಉಸಿರು ನಿಂತದ್ದೂ ಇಲ್ಲೇ.

ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. "ಹೋಗಲ್ಲ ಅಂತಿದಾಳೆ," ಎಂದು ಮುದುಕಿ ಪಿಸುಗುಟ್ಟಿದಳು.

"ಇಲ್ಲೇ ಮಲಗಿದ್ಲು," ಎಂದ ನಿಕಾನೋರ್, ಯಾರಿಗೂ ಅಲ್ಲದಂತೆ. "ಮಾತು ಬಿದ್ದುಹೋಗಿತ್ತು. ಇಂಜಿನ್ ಕಡೆ ನೋಡ್ಕೊಂಡು ಹೀಗೆ ಕೈ ಆಡಿಸ್ತಾನೇ ಇದ್ಲು, ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ. ಹಬೆಗೆ ಹೆದರಿದಾಳೆ ಅಂತ ಕೈ ಹಿಡ್ಕೊಂಡೆ. ಕೊಸರ್ಕೊಂಡ್ಲು."

ಎಲೀಹಿಯೋ ಇಳಿದ. ಆರಲು ಬಿಟ್ಟು, ಒದ್ದೆ ಗೋಣಿ ಹಾಕಿ ಮುಚ್ಚಳ ತಿರುಗಿಸಿದ. ಒಂದಿಷ್ಟು ಕುದಿದು ಚೆಲ್ಲಿದ್ದು ಬಿಟ್ಟರೆ ಒಳಗೆ ನೀರಿತ್ತು. ಬೆಲ್ಟು ಬಿಗಿಯಾಗಿತ್ತು. ಮೇಲಿನ ಪೈಪು ಮುಟ್ಟಿದ, ಸುಟ್ಟಿತು. ಕೆಳಗಿನದನ್ನು ಮುಟ್ಟಿದ, ಅದೂ ಅಷ್ಟೇ ಸುಟ್ಟಿತು. ಅಂದರೆ ನೀರು ಓಡುತ್ತಿದೆ, ಆರುತ್ತಿಲ್ಲ. ನೀರಿನ ತಪ್ಪಲ್ಲ ಇದು. ಗಾಳಿ ಬರುತ್ತಿಲ್ಲ.

ರೇಡಿಯೇಟರಿನ ಮುಂದಿನ ಜಾಳಿಗೆಯನ್ನು ಹಿಡಿದೆಳೆದ. ಮೇಲೆದ್ದು ಬಂದದ್ದು ಜಾಳಿಗೆಯಾಗಿ ಕಾಣಲಿಲ್ಲ, ಕಂಬಳಿಯಾಗಿ ಕಂಡಿತು. ಬೆಳ್ಳುಳ್ಳಿ ಸಿಪ್ಪೆ. ಸುಗ್ಗಿಯಲ್ಲಿ ಕಣದಿಂದ ಹಾರಿದ ಬಿಳಿ ಸಿಪ್ಪೆಯೆಲ್ಲ ಫ್ಯಾನಿನ ಸೆಳೆತಕ್ಕೆ ಬಂದು ಪದರ ಪದರವಾಗಿ ಮೆತ್ತಿಕೊಂಡಿತ್ತು.

*

ಹೋದ ವರ್ಷದ ಸುಗ್ಗಿಯ ಒಂದು ಸಂಜೆ ಎಲೀಹಿಯೋ ನಿಕಾನೋರನ ಮನೆಯ ಕೊಟ್ಟಿಗೆಗೆ ಹೋಗಿದ್ದ. ಒವೀದಿಯಾ ಟ್ರ್ಯಾಕ್ಟರಿನ ಮುಂದೆ ಕೂತು ಹೆಬ್ಬಾತಿನ ರೆಕ್ಕೆಯಿಂದ ಜಾಳಿಗೆ ಗುಡಿಸುತ್ತಿದ್ದಳು, ಮೇಲಿಂದ ಕೆಳಕ್ಕೆ.

"ಏನಿದು, ಪೂಜೆನಾ?"

"ಹಲ್ಲುಜ್ಜಿಸ್ತಿದೀನಿ. ದಿನಾ ಸಂಜೆ ಇವನ ಬಾಯಿ ತುಂಬ ಸಿಪ್ಪೆ."

"ನಿಕಾನೋರ್‌ಗೆ ಗೊತ್ತಾ?"

"ಅವನು ಡಾಮಿನೋ ಆಡೋಕೆ ಹೋಗಿರ್ತಾನೆ. ಇಷ್ಟು ವರ್ಷ ಇಂಜಿನ್ ಒಂದ್ಸಲಾನೂ ಕಾಯಲಿಲ್ಲ, ಎಲ್ಲಾ ನನ್ನ ಕೈಗುಣ ಅಂತ ಊರೆಲ್ಲ ಕೊಚ್ಕೊಳ್ತಾನೆ. ಕೊಚ್ಕೊಳ್ಳಲಿ ಬಿಡು, ಪಾಪ. ಅವನಿಗೆ ಕೊಚ್ಕೊಳ್ಳೋಕೆ ಇನ್ನೇನಿದೆ?"

ಎಲೀಹಿಯೋ ನಕ್ಕು, ಮರೆತುಬಿಟ್ಟಿದ್ದ. ಈ ಸುಗ್ಗಿಗೆ ಅವಳು ಜ್ವರ ಹತ್ತಿ ಹಾಸಿಗೆ ಹಿಡಿದಳು. ಟ್ರ್ಯಾಕ್ಟರು ಕಾಯುತ್ತಿದೆಯೆಂದು ನಿಕಾನೋರ್ ತನ್ನ ಶೆಡ್ಡಿಗೆ ತಂದ ದಿನ ಎಲೀಹಿಯೋ ಜಾಳಿಗೆ ಎತ್ತಿ ನೋಡಲಿಲ್ಲ. ಅದು ಯಾವಾಗಲೂ ಚೊಕ್ಕಟವಾಗಿಯೇ ಇರುತ್ತಿತ್ತಲ್ಲ.

*

ಎಲೀಹಿಯೋ ಜನರಿಗೆ ಬೆನ್ನು ಮಾಡಿ ನಿಂತಿದ್ದ. ಸಿಪ್ಪೆಯನ್ನು ಚರಂಡಿಗೆ ಕೆಡವಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿಕಾನೋರನ ಹೆಮ್ಮೆ ಉಳಿಸಿ, ತಾನೇ ಕೊಲೆಗಾರ ಎನಿಸಿಕೊಂಡು ಬದುಕಬಹುದಿತ್ತು. ಬೆರಳು ಸಿಪ್ಪೆಯ ಅಂಚಿಗೆ ಹೋಗಿಯೂ ಇತ್ತು.

"ಇನ್ನೇನು ಕೀಳ್ತಿದೀಯೋ ಕೊಲೆಗಡುಕ?" ಎಂದ ನಿಕಾನೋರ್ ಹಿಂದಿನಿಂದ. "ಪೆಟ್ಟಿಗೇಲಿರೋ ಹೆಣಾನೂ ಕೊಲ್ತೀಯಾ?"

ಎಲೀಹಿಯೋ ಗಿರ್ರನೆ ತಿರುಗಿ ಜಾಳಿಗೆಯನ್ನು ಅವನ ಎದೆಗೆ ಒತ್ತಿದ.

"ನೋಡು! ಕಣ್ಣು ಬಿಟ್ಟು ನೋಡು! ಉಸಿರು ಕಟ್ಟಿದ್ದು ಇಲ್ಲಿ! ದಿನಾ ಸಂಜೆ ರೆಕ್ಕೆ ಹಿಡ್ಕೊಂಡು ಇದನ್ನ ಗುಡಿಸ್ತಿದ್ದೋಳು ಅವಳು. ಮೇಲಿಂದ ಕೆಳಕ್ಕೆ! ಅವಳು ಮಲಗಿದ ಮೇಲೆ ಯಾರು ಗುಡಿಸಿದ್ರು? ನಿನ್ನ ಕೈಗುಣ ಗುಡಿಸ್ತಾ?"

ನಿಕಾನೋರ್ ಜಾಳಿಗೆಯನ್ನು ನೋಡಿದ. ಅವನ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಮೇಲಿಂದ ಕೆಳಕ್ಕೆ ಒಮ್ಮೆ ಆಡಿತು. ಇನ್ನೊಮ್ಮೆ ಆಡಿತು.

ಎಲೀಹಿಯೋಗೆ ಆಡಿದ ಮಾತನ್ನು ನುಂಗಿಕೊಳ್ಳುವ ಹಾಗಿದ್ದರೆ ಎನ್ನಿಸಿತು. "ಕಂಪಾದ್ರೆ, ನಾನೂ ನೋಡಬೇಕಾಗಿತ್ತು, ನಾನೂ..."

ನಿಕಾನೋರ್ ಕೇಳಿಸಿಕೊಳ್ಳಲಿಲ್ಲ. ಟೋಪಿ ತೆಗೆದು ಪೆಟ್ಟಿಗೆಯ ಮೇಲಿಟ್ಟು ಮನೆಯ ದಾರಿ ಹಿಡಿದು ಇಳಿಯತೊಡಗಿದ.

"ಅಪ್ಪಾ, ಎಲ್ಲಿಗೆ?"

"ರೆಕ್ಕೆ ತರ್ತೀನಿ."

ಕಾದರು. ಪಾದ್ರಿ ಎರಡು ಸಲ ಆಕಾಶ ನೋಡಿದ. ಕೊನೆಗೆ ಎಲೀಹಿಯೋ ಬರಿಗೈಯಲ್ಲೇ ಜಾಳಿಗೆ ಬಳಿದು ಕೂರಿಸಿ, ಸೀಟಿಗೆ ಹತ್ತಿದ. ಉಳಿದ ಏರು ಮುಗಿದು ಸ್ಮಶಾನದ ಗೇಟು ಬರುವ ತನಕ ಮುಳ್ಳು ನಡುವಿನಿಂದ ಅಲುಗಲಿಲ್ಲ. ಗಂಡ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ಮಗಳು ಹಾಕಿದಳು.

ಹಿಂದಿರುಗಿ ಬಂದಾಗ ಮನೆ ಬಾಗಿಲು ಹಾರುಹೊಡೆದಿತ್ತು, ನಿಕಾನೋರ್ ಇರಲಿಲ್ಲ. ಎಲೀಹಿಯೋ ಓಡಿ ಕೊಟ್ಟಿಗೆಗೆ ಹೋದ. ಸತ್ತವಳಿಗಾಗಿ ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮೇಲೂ ಹೋಗಿ ನೋಡಿದ, ಅವನು ಬಂದಿರಲಿಲ್ಲ. ರೆಕ್ಕೆ ಒವೀದಿಯಾ ನೇತುಹಾಕಿದ್ದ ಮೊಳೆಯಲ್ಲೇ ಇತ್ತು, ಗಾಳಿ ಬಂದಾಗಲೆಲ್ಲ ಗೋಡೆಯನ್ನು ಮೇಲಿಂದ ಕೆಳಕ್ಕೆ ಗುಡಿಸುತ್ತಿತ್ತು.