ಪ್ರಧಾನಿಗೆ ಮುದ್ದೆ ನುಂಗಿಸಿದ್ದು

ಹೋಯಿತು, ಇನ್ನೊಂದು ವಿಮಾನ, ಮನೆಯ ಶೀಟನ್ನೇ ಕಿತ್ತುಕೊಂಡು ಹೋಗುವ ಸದ್ದು — ಹುಣಸಮಾರನಹಳ್ಳಿಯಲ್ಲಿ ನನ್ನ, ಈ ಚಿಕ್ಕಹನುಮಯ್ಯನ, ಬಾಯಿ ಮುಚ್ಚಿಸುವ ತಾಕತ್ತಿರುವುದು ವಿಮಾನಕ್ಕೊಂದೇ, ಕೀರ್ತಿ ಎಂಬ ಈ ಹುಡುಗಿ ರೆಕಾರ್ಡರ್ ನಿಲ್ಲಿಸಿ ಸೂರು ನೋಡುತ್ತಾಳೆ, ಮತ್ತೆ ಒತ್ತುತ್ತಾಳೆ, ಹೇಳಿ ತಾತ, ಮಾಜಿ ಪ್ರಧಾನಿಗಳು ನಿಮ್ಮನೇಲಿ ಊಟ ಮಾಡಿದ್ರಲ್ಲ, ಅದನ್ನ ಹೇಳಿ — ಅವರನ್ನು ಕಂಡವರ ಮಾತನ್ನೆಲ್ಲ ಕೂಡಿಸಿ ಪುಸ್ತಕ ಮಾಡುತ್ತಾರಂತೆ, ನಾನಿಲ್ಲದೆ ಅದೆಂಥ ಪುಸ್ತಕ, ಮೊದಲನೇ ಪುಟಕ್ಕೇ ನನ್ನ ಫೋಟೊ, ಪೇಟ ಸುತ್ತಿಕೊಂಡೇ ಕೂತಿದ್ದೇನೆ. ಬಳ್ಳಾರಿ ರಸ್ತೆಯಲ್ಲಿ ಅವರ ಕಾರು ಕೆಟ್ಟಿದ್ದು, ಲಕ್ಷ ಜನ ಸೇರಿದ್ದು — ಊರಲ್ಲಿದ್ದದ್ದೇ ನಾಲ್ಕು ಬೀದಿ, ಆದರೂ ಲಕ್ಷ ಎಂದರೇ ಚೆಂದ — ಕೈ ಹಿಡಿದು ಮನೆಗೆ ಕರೆತಂದದ್ದು, ಎಲ್ಲ ಹೇಳಿದೆ, ಉತ್ತರದ ಕಡೆಯ ಮನುಷ್ಯ, ರಾಗಿ ಮುದ್ದೆಯನ್ನು ರೊಟ್ಟಿಯಂತೆ ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡು ಕಣ್ಣುಕಣ್ಣು ಬಿಟ್ಟರು, ಸ್ವಾಮಿ, ಮುದ್ದೇನ ಅಗೀಬಾರ್ದು, ಸಾರ್ನಲ್ಲಿ ಅದ್ದಿ ನುಂಗ್ಬೇಕು ಅಂತ ಇಡೀ ದೇಶ ಆಳಿದವರಿಗೆ ನುಂಗುವುದು ಕಲಿಸಿದವನು ನಾನು, ನಾನು! ಹೆಬ್ಬಾಳದಿಂದ ದೇವನಹಳ್ಳಿವರೆಗೆ ಮದುವೆಮನೆ, ಸಾವಿನಮನೆ, ಕಟಿಂಗ್ ಶಾಪು, ಎಲ್ಲಿ ಹೇಳಿಲ್ಲ, ನನ್ನ ಹೆಂಡತಿ ಮುನಿಕೃಷ್ಣಮ್ಮ ಒಂದು ಸಲವೂ ಇಲ್ಲ ಅಂದವಳಲ್ಲ, ಹೂಂ ಅಂದವಳೂ ಅಲ್ಲ, ಅಗೋ ಈಗಲೂ ಅಡಿಗೆಮನೆ ಬಾಗಿಲಿಗೊರಗಿ ಸೊಪ್ಪು ಬಿಡಿಸುತ್ತಿದ್ದಾಳೆ, ಬೆರಳೆಲ್ಲ ಹಸಿರು. ತಾತ, ಸಾಯೋಕೆ ಮುಂಚೆ ಪ್ರಧಾನಿಗಳೇ ಇದನ್ನ ಹೇಳಿರೋ ರೆಕಾರ್ಡಿಂಗ್ ಇದೆ, ಕೇಳ್ತೀರಾ — ಹಾಕಮ್ಮ, ಜೋರಾಗಿ ಹಾಕು, ಯಲಹಂಕಕ್ಕೂ ಕೇಳಲಿ!

ಅದೇ ಗೊಗ್ಗರು ದನಿ, ಹಿಂದಿ, ಕೀರ್ತಿ ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಾಳೆ — ಆ ಮನೇಲಿ ಒಬ್ಬ ಗಂಡಸು ಒಂದೇ ಸಮನೆ ಮಾತಾಡ್ತಿದ್ದ, ನನಗೆ ಒಂದಕ್ಷರ ಅರ್ಥ ಆಗ್ಲಿಲ್ಲ — ಅಯ್ಯೋ, ಕನ್ನಡದಲ್ಲೇ ಹೇಳಿದೆನಲ್ಲ, ಹಿಂದಿ ಎಲ್ಲಿತ್ತು ನನಗೆ — ಅವನ ಹಿಂದೆ, ಬಾಗಿಲ ಹತ್ರ, ಒಬ್ಬ ಹೆಣ್ಣುಮಗಳು, ಮಾತೇ ಆಡ್ಲಿಲ್ಲ, ಗಂಟಲ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಎಳೆದು ತೋರಿಸಿದ್ಲು, ನಾನು ಹಾಗೇ ನುಂಗಿದೆ, ಆಮೇಲೆ ದಿಲ್ಲೀಲಿ ನುಂಗಲಾರದ್ದು ಏನೇ ಎದುರಾದ್ರೂ ಆ ಬೆರಳೇ ನೆನಪಾಗ್ತಿತ್ತು.

ಬೆರಳು. ಪೇಟ ಹಣೆಗೆ ಜಾರಿದೆ, ಎತ್ತುತ್ತೇನೆ, ಮತ್ತೆ ಜಾರುತ್ತದೆ — ಎದುರಿಗೇ ಕೂತಿದ್ದೆನಲ್ಲ, ಅವರು ನನ್ನನ್ನೇ ನೋಡುತ್ತಿದ್ದರಲ್ಲ, ಇಲ್ಲ, ನನ್ನ ಹೆಗಲಾಚೆ ನೋಡುತ್ತಿದ್ದರು, ಹೌದು, ಹೆಗಲಾಚೆ, ನಾನು ತಿರುಗಿಯೇ ನೋಡಲಿಲ್ಲ, ಕೀರ್ತಿ ರೆಕಾರ್ಡರನ್ನು ಮುನಿಕೃಷ್ಣಮ್ಮನ ಕಡೆಗೆ ತಿರುಗಿಸುತ್ತಿದ್ದಾಳೆ, ಅಜ್ಜಿ, ಅದು ನೀವೇನಾ — ಲೇ ಮುನಿಕೃಷ್ಣಿ, ಅಲ್ಲ ಅಂದುಬಿಡೇ, ಹೌದು ಅಂದರೆ ನಾಳೆ ಕಟಿಂಗ್ ಶಾಪಿನಲ್ಲಿ ನಾನು ಯಾವ ಬಾಯಿ ತೆಗೆಯಲಿ, ಪುಸ್ತಕದಲ್ಲಿ ನಾನು ಬರೀ ಒಬ್ಬ ಗಂಡಸು, ಹೆಸರೂ ಇಲ್ಲ — ಅವ್ರು ಯೋಳಿದ್ರಲ್ಲವ್ವ, ಅಂಗೇ ಬರ್ಕೊ, ಅನ್ನುತ್ತಾಳೆ ಇವಳು, ಅಷ್ಟೇ, ಸೊಪ್ಪಿನಿಂದ ತಲೆಯನ್ನೂ ಎತ್ತದೆ, ಅವ್ರು ಅಂದರೆ ಯಾರು, ನಾನೋ ಪ್ರಧಾನಿಗಳೋ, ನಾನು ಬಾಯಿ ತೆರೆಯುತ್ತೇನೆ, ಏನೋ ಹೇಳಬೇಕು, ಮಾತು ಹಲ್ಲಿಗೆ ಮೆತ್ತಿಕೊಂಡಿದೆ, ಈಗ ತಲೆ ಎತ್ತಿ ನನ್ನನ್ನೇ ನೋಡುತ್ತಾಳೆ, ಕೈ ಮೇಲೇಳುತ್ತದೆ, ಗಂಟಲ ಮೇಲೆ ಬೆರಳು, ಹಸಿರು ಬೆರಳು, ಮೇಲಿಂದ ಕೆಳಗೆ, ನಿಧಾನವಾಗಿ, ಕೆಳಗೆ, ಬೆರಳು —