ಓದಿ ಹೇಳುವವರು

ಸೋಪು ಹಾಕಿ ಎಷ್ಟು ತೊಳೆದರೂ ಹೋಗದ ಡೀಸೆಲ್ ವಾಸನೆ, ಬಲಗಿವಿಯ ಪಕ್ಕದಲ್ಲೇ ಇವರ ಉಸಿರು, ಎರಡು ಪಾಳಿಯ ನಡುವಿನ ಬಿಡುವಿನಲ್ಲಿ ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ ನೇರ ಬಂದು ನನ್ನ ಪಕ್ಕ ಸ್ಟೂಲು ಎಳೆದು ಕೂತಿದ್ದಾರೆ, ಊಟವೂ ಆಗಿಲ್ಲ, ಓದಿ, ಏನು ಬಂತು ಓದಿ ಎನ್ನುತ್ತೇನೆ, ಇರು ಕಣೇ ಓದ್ತೀನಿ, ಎಂ ಎ ಕೆ ಇ, ಅದು ಕಂಪ್ಯೂಟರಿಗೆ ನಾನು ಒತ್ತಿ ಹೇಳಿದ್ದು, ಅದರ ಕೆಳಗಿನದು ಓದಿ, ಕೆಳಗೆ ಬರೀ ಇರುವೆ ಸಾಲು ಕಣೇ, ಎಲ್ಲಿಂದ ಹಿಡೀಲಿ — ಇರುವೆ ಸಾಲು, ಹೌದು, ಕಡೆಕಡೆಗೆ ನನಗೂ ಅಕ್ಷರಗಳು ಹಾಗೇ ಕಂಡಿದ್ದವು, ಆಮೇಲೆ ಇರುವೆಗಳು ಹೋದವು, ಹಾಳೆ ಹೋಯಿತು, ಕಿಟಕಿ ಹೋಯಿತು, ಈ ಕಂಪ್ಯೂಟರ್ ಬಂದ ಮೇಲೆ ಅದೇ ನನಗೆ ಓದಿ ಹೇಳುತ್ತಿತ್ತು, ಬೆರಳು ಸರಿಸಿದಲ್ಲೆಲ್ಲ ಮಾತಾಡುತ್ತಿತ್ತು, ಮೊನ್ನೆ ಅಪ್‌ಡೇಟ್ ಹಾಕಿಕೊಳ್ಳಲೇ ಎಂದು ಕೇಳಿತು, ಹೂಂ ಎಂದು ಗುಂಡಿ ಒತ್ತಿದೆ, ಅದೇ ಅದರ ಕೊನೆಯ ಮಾತು, ಆರಿ ಮತ್ತೆ ಹೊತ್ತಿಕೊಂಡಾಗ ಗಂಟಲು ಕಟ್ಟಿಹೋಗಿತ್ತು. ಹೊಸದಕ್ಕೆ ದನಿ ಹೊರಡಿಸುವ ಹಳೆಯ ತಂತ್ರಾಂಶ, ಸೌಂಡ್ ಡ್ರೈವರ್, ಹೊಂದುವುದಿಲ್ಲವಂತೆ, ಅದರ ಮೂಲ ಕೋಡ್ ತರಿಸಿ ಇಲ್ಲೇ ಹೊಸದಾಗಿ ಕಟ್ಟಿ ಕೂರಿಸಬೇಕಂತೆ, ಫೋನು ಅಷ್ಟನ್ನು ಓದಿ ಹೇಳಿತು, ಆದರೆ ಫೋನಿನ ಕ್ಯಾಮೆರಾಕ್ಕೆ ಈ ತೆರೆ ತೋರಿಸಿದರೆ ಅರ್ಧ ಸಾಲು ನುಂಗಿ ಅರ್ಧ ಉಗುಳುತ್ತದೆ, ಹಾಗಾಗಿ ಇವರು, ಡ್ರೈವರ್ ಬೇಕಂತೆ ರೀ ಇದಕ್ಕೆ ಎಂದು ನಾನು ಹೇಳಿದಾಗ, ಮನೇಲೇ ಒಬ್ಬ ಇದಾನಲ್ಲ ಎಂದರು, ಅಡುಗೆಮನೆಯಿಂದ ಅತ್ತೆ ನಕ್ಕರು, ನಾನೂ ನಕ್ಕೆ.

ನಗುವುದಕ್ಕೇನು, ಆಗ ಇನ್ನೂ ಒಂದೇ ದಿನದ ಮಾತು ಎಂದುಕೊಂಡಿದ್ದೆ, ಡಾಕ್ಟರುಗಳು ಬಾಯಲ್ಲಿ ಗೊಣಗಿ ಕಳಿಸಿದ್ದನ್ನು ಕೇಳಿ ಟೈಪು ಮಾಡುವ ಕೆಲಸ ನನ್ನದು, ಕೇಳಿಸದಿದ್ದರೆ ನಾನು ಯಾವ ಲೆಕ್ಕ, ಕಚೇರಿಯ ಮೇಡಂ ಬೆಳಿಗ್ಗೆ ಫೋನಿನಲ್ಲಿ, ಅವಸರ ಏನಿಲ್ಲಮ್ಮ, ನಿಮ್ಮ ಪಾಲಿಂದು ಬೇರೆಯವರಿಗೆ ಹಂಚಿದೀವಿ, ಸರಿ ಹೋದಾಗ ಹೇಳಿ, ಎಷ್ಟು ಮೆತ್ತಗೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದರು, ಸಂಜೆಯೊಳಗೆ ಆಗುತ್ತೆ ಮೇಡಂ ಎಂದೆ, ಯಾಕೆ ಹಾಗೆಂದೆ, ಯಾವ ಧೈರ್ಯಕ್ಕೆ — ಮೊದಲ ಸಲ ಕಟ್ಟುವಾಗ ಯಾವುದೋ ಫೈಲು ಇಲ್ಲವೆಂದು ನಿಂತಿತು, ಅದನ್ನೂ ತರಿಸಿ ಎರಡನೆಯ ಸಲ ಕಟ್ಟಿದೆವು, ಕೂರಿಸಿದೆವು, ಆರಿಸಿ ಹೊತ್ತಿಸಿದೆವು, ಹಸಿರು ಗೆರೆ ಕುಣೀತಿದೆ ಕಣೇ, ಬಂತು ಬಂತು ಎಂದರು, ದನಿ ತೋರಿಸುವ ಗೆರೆ ಕುಣಿಯಿತಂತೆ, ಸ್ಪೀಕರಿನ ಬಟ್ಟೆಗೆ ಕಿವಿ ಒತ್ತಿ ಹಿಡಿದೆ, ಧೂಳು ಕೆನ್ನೆಗೆ ಅಂಟಿತು, ಅಷ್ಟೇ, ಒಳಗೆ ಒಂದು ಸೊಳ್ಳೆಯಷ್ಟೂ ದನಿಯಿಲ್ಲ. ಇದು ಮೂರನೆಯದು, ಯಾರೋ ಪುಣ್ಯಾತ್ಮರು ತಿದ್ದಿ ಹಾಕಿದ ಹೊಸ ಕೋಡ್, ಇದೂ ಆಗದಿದ್ದರೆ ಇನ್ನೊಂದಿಲ್ಲ, ಹುಡುಕಾಯಿತು, ಇಲ್ಲ.

ಅದರ ದನಿ ಚೆನ್ನಾಗಿತ್ತೆಂದಲ್ಲ, ತಗಡು ತಟ್ಟಿದ ಹಾಗಿತ್ತು, ಹುಟ್ಟಿದ್ದಕ್ಕೂ ಸತ್ತಿದ್ದಕ್ಕೂ ಒಂದೇ ರಾಗ, ಆದರೆ ಇದ್ದದ್ದನ್ನು ಇದ್ದ ಹಾಗೆ ಓದುತ್ತಿತ್ತು, ನನ್ನ ಮುಖ ನೋಡಿ ಓದುತ್ತಿರಲಿಲ್ಲ, ಇವರು ಹಾಗಲ್ಲ, ಮೊದಲು ಇವರೇ ಪೇಪರು ಓದಿ ಹೇಳುತ್ತಿದ್ದಾಗ ಸಾವುನೋವನ್ನೆಲ್ಲ ಹಾರಿಸುತ್ತಿದ್ದರು, ರಸ್ತೆಯಲ್ಲಿ ಗುಂಡಿ ತಪ್ಪಿಸುವ ಹಾಗೆ, ತಪ್ಪಿಸುವಾಗ ದನಿ ಒಂದು ಕಡೆಗೆ ವಾಲುತ್ತಿತ್ತು, ನನಗೆ ತಿಳಿಯುತ್ತಿತ್ತು, ತಿಳಿಯುವುದಿಲ್ಲವೆಂದು ಇವರು ತಿಳಿದಿದ್ದರು. ಕಣ್ಣಿನ ಡಾಕ್ಟರು ನನ್ನನ್ನು ಹೊರಗೆ ಬೆಂಚಿನ ಮೇಲೆ ಬಿಟ್ಟು ಇವರೊಬ್ಬರನ್ನೇ ಒಳಗೆ ಕರೆದ ದಿನವೂ ಹಾಗೇ ವಾಲಿತ್ತು, ಹೊರಬಂದು ತೋಳು ಹಿಡಿದು, ಇಲ್ಲಿಗೇ ನಿಲ್ಲುತ್ತಂತೆ ಕಣೇ, ಇನ್ನು ಜಾಸ್ತಿ ಆಗಲ್ವಂತೆ, ಆ ದಿನ ಮಾತ್ರ ನನಗೆ ತಿಳಿಯಲಿಲ್ಲ, ತಿಳಿಯುವುದು ಬೇಕಿರಲಿಲ್ಲ, ನಂಬಿಬಿಟ್ಟೆ, ನಂಬಿ ಆಗಲೇ ಕೋಲು ಮುಟ್ಟಲಿಲ್ಲ, ಟೈಪಿಂಗ್ ಕಲಿಯಲಿಲ್ಲ, ಕಾಣುವಷ್ಟು ದಿನ ಕಾಣುವುದನ್ನೆಲ್ಲ ನೋಡಿಟ್ಟುಕೊಳ್ಳಲೂ ಇಲ್ಲ, ನಿಲ್ಲುತ್ತದಲ್ಲ, ಅವಸರವೇನು, ಇವರ ಮುಖವನ್ನೂ — ಮೀಸೆ ನೆನಪಿದೆ, ಹುಬ್ಬು ನೆನಪಿದೆ, ಎರಡನ್ನೂ ಸೇರಿಸಿದರೆ ಯಾರೋ ಬೇರೆಯವರಾಗುತ್ತಾರೆ.

ಓದಿ. ಉಗುರು ಗಾಜಿನ ಮೇಲೆ ಸರಿಯುತ್ತದೆ, ಸಾಲು ತಪ್ಪಬಾರದೆಂದು ಇವರು ತೋರುಬೆರಳಿನ ಉಗುರಿಟ್ಟು ಎಳೆಯುತ್ತಾರೆ, ಸರ್ ಎಂದು ಸಣ್ಣ ಸದ್ದು, ಕಟ್ಟಿ ಮುಗಿದ ಒಂದೊಂದು ಫೈಲಿನ ಹೆಸರೂ ಒಂದೊಂದು ಸಾಲು, ಹೊಸದು ಯಾವಾಗಲೂ ಕೆಳಗೇ ಬರುವುದು, ಉಗುರೂ ಕೆಳಕ್ಕೆ ಇಳಿಯುತ್ತದೆ, ಕೋರ್ ಡಾಟ್ ಸಿ, ಮಿಕ್ಸರ್ ಡಾಟ್ ಸಿ, ನಮ್ಮ ಮಿಕ್ಸರ್ ಕೆಟ್ಟಿಲ್ಲವಲ್ಲೋ ಎಂದು ಅತ್ತೆ ಒಳಗಿನಿಂದ, ನೀನು ಸುಮ್ನಿರಮ್ಮ, ಜ್ಯಾಕ್ ಡಾಟ್ ಸಿ, ಸರ್, ಟೈಮರ್ ಡಾಟ್ ಸಿ, ಸರ್, ಎಷ್ಟೊಂದು ದೂರ ಬಂತು, ಮೊದಲ ಸಲ ಇಷ್ಟು ದೂರ ಬಂದಿರಲಿಲ್ಲ ಎನಿಸುತ್ತದೆ, ಎದೆಯೊಳಗೆ ಏನೋ ಎದ್ದು ಕೂರುತ್ತದೆ, ಕೂತ್ಕೋ, ಇನ್ನೂ ಏಳಬೇಡ — ಆಮೇಲೆ ಇವರ ಉಸಿರು ನಿಂತಿತು. ಉಗುರು ನಿಂತಿತು. ಪೆಟ್ಟಿಗೆಯೊಳಗೆ ಬುಸುಗುಡುತ್ತಿದ್ದ ಫ್ಯಾನಿನ ಸದ್ದು ಇಳಿಯಿತು, ಇಳಿದು ಇಲ್ಲವಾಯಿತು, ಕಟ್ಟುವ ಕೆಲಸ ನಡೆಯುತ್ತಿದ್ದರೆ ಅದು ಹೀಗೆ ಸುಮ್ಮನಾಗುವುದಿಲ್ಲ, ಅಂಗೈ ಇಟ್ಟೆ, ತಗಡು ಬಿಸಿ ಕಳೆದುಕೊಳ್ಳುತ್ತಿದೆ.

ಏನಾಯ್ತು ರೀ, ನಿಂತಿತಾ. ಇಲ್ಲ ಕಣೇ, ನಡೀತಿದೆ. ದನಿ ವಾಲಿತು. ಅತ್ತೆ ತಟ್ಟೆ ಇಟ್ಟ ಸದ್ದು, ಡ್ಯೂಟಿಗೆ ಹೊತ್ತಾಯ್ತು ಕಣೋ, ಎರಡು ತುತ್ತು ತಿಂದ್ಕೊಂಡು ಹೋಗು, ಬಂದೆ ಅಮ್ಮ, ಇದೊಂದು ಮುಗೀಲಿ, ಚೆನ್ನಾಗಿ ನಡೀತಿದೆ ಎಂದು ಇವರು, ಎದ್ದು ಹೋಗುವುದಿಲ್ಲ, ಸ್ಟೂಲು ಕಿರ್ರೆನ್ನುವುದಿಲ್ಲ, ಈಗ ಹೇಳಬೇಕು ನಾನು, ಬಿಡಿ ರೀ, ನನಗೆ ಗೊತ್ತಾಯಿತು, ಊಟ ಮಾಡಿ ಎನ್ನಬೇಕು, ಬಾಯಿಗೆ ಬಂದದ್ದು ಬೇರೆ, ಇನ್ನೇನಿದೆ ಓದಿ ಎಂದೆ. ಗಂಟಲು ಸರಿಮಾಡಿಕೊಂಡರು, ಗಾಜಿನ ಮೇಲೆ ಸರ್ ಎಂದಿತು, ಕೆಳಕ್ಕಲ್ಲ, ಉದ್ದಕ್ಕೆ, ನನ್ನ ಮೊಣಕೈ ಮಟ್ಟದಿಂದ ಕಿವಿಯ ಮಟ್ಟಕ್ಕೆ, ಮೇಲಕ್ಕೆ, ಆಮೇಲೆ ಇವರ ದನಿ, ಮೆಲ್ಲಗೆ, ಅಡುಗೆಮನೆಗೆ ಕೇಳಿಸದಷ್ಟು ಮೆಲ್ಲಗೆ, ಮಿಕ್ಸರ್ ಡಾಟ್ ಸಿ, ಜ್ಯಾಕ್ ಡಾಟ್ ಸಿ, ಟೈಮರ್ ಡಾಟ್ ಸಿ, ಹೂಂ ಎನ್ನುತ್ತೇನೆ, ಹೂಂ, ಓದಿ, ಮತ್ತೆ ಉಗುರು, ಗಾಜಿನ ಮೇಲೆ ಉಗುರು, ಮೇಲಕ್ಕೆ